ಆಫೆನ್‌ಹೌಸರ್ ಎಂಜಿನ್ನಿನ ಕೊನೆಯ ವರ್ಷಗಳು: ಓದುಗರಿಗೆ ಸಂಪಾದಕರ ಉತ್ತರ

ಕಳೆದ ತಿಂಗಳು ಅಮೆರಿಕದ ಇಂಡಿಯಾನಾಪೊಲಿಸ್ 500 ಮೈಲಿ ರೇಸಿನ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲಿ ‘1976ಕ್ಕೆ ಆಫೆನ್‌ಹೌಸರ್ ಎಂಜಿನ್ನಿನ ಆಟ ಮುಗಿಯಿತು’ ಎಂಬ ಸಾಲಿತ್ತು. ಹಾಸನದಲ್ಲಿ ಗ್ಯಾರೇಜು ನಡೆಸುವ ಓದುಗರೊಬ್ಬರು ಆ ಸಾಲನ್ನೇ ಹಿಡಿದು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಐದು ವರ್ಷ ಸತತವಾಗಿ ಗೆದ್ದ ಎಂಜಿನ್ನು ಆರನೆಯ ವರ್ಷಕ್ಕೆ ಕೆಲಸಕ್ಕೆ ಬಾರದ್ದಾಗುವುದು ಹೇಗೆ ಎಂಬುದು ಅವರ ಮೊದಲ ಪ್ರಶ್ನೆ. ಇಂಗ್ಲೆಂಡಿನ ಕಾಸ್‌ವರ್ತ್ ಎಂಜಿನ್ನಿಗೆ ಅನುಕೂಲವಾಗಲೆಂದು ಸಂಘಟಕರೇ ನಿಯಮ ತಿದ್ದಿ ಸ್ವದೇಶಿ ಎಂಜಿನ್ನನ್ನು ಮುಗಿಸಿದರಲ್ಲವೇ ಎಂಬುದು ಎರಡನೆಯದು. ಇದನ್ನು ಪ್ರಶ್ನೆ ಎನ್ನುವುದಕ್ಕಿಂತ ಆರೋಪ ಎಂದರೇ ಸರಿ.

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 1976 ಆಫಿಯ (ಆಫೆನ್‌ಹೌಸರ್ ಎಂಜಿನ್ನಿನ ರೂಢಿಯ ಹೆಸರು) ಕೊನೆಯ ವರ್ಷವಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಅದು ಕೊನೆಯ ಬಾರಿ ಗೆದ್ದ ವರ್ಷ. ಆ ಗೆಲುವಾದರೂ ಅರ್ಧ ರೇಸಿನದು. 200 ಸುತ್ತು ಓಡಬೇಕಾದಲ್ಲಿ 102 ಸುತ್ತು, ಅಂದರೆ 255 ಮೈಲಿ ಮುಗಿದಾಗ ಮಳೆ ಹಿಡಿದು ರೇಸು ನಿಂತಿತು. ಕಾದು ನೋಡಿ, ಮತ್ತೆ ಶುರುಮಾಡುವಷ್ಟರಲ್ಲಿ ಮಳೆ ಮತ್ತೆ ಬಂದದ್ದರಿಂದ, ಮುಂದಿದ್ದ ಜಾನಿ ರುದರ್‌ಫರ್ಡ್ ಗೆದ್ದರೆಂದು ಸಾರಲಾಯಿತು. ಅವರು ತಮ್ಮ ಮೆಕ್‌ಲಾರೆನ್ ಕಾರಿನಲ್ಲಿ ಕೂತು ವಿಜಯದ ಕಟ್ಟೆಗೆ ಬರಲಿಲ್ಲ, ನಡೆದುಕೊಂಡು ಬಂದರು. ಆ ಎಂಜಿನ್ನಿನ ಇಪ್ಪತ್ತೇಳನೆಯ ಮತ್ತು ಕಡೆಯ ಇಂಡಿಯಾನಾಪೊಲಿಸ್ ಗೆಲುವನ್ನು ಸಾರುವಾಗ ಎಂಜಿನ್ನೇ ಸದ್ದಿಲ್ಲದೆ ನಿಂತಿತ್ತು.

ಇಪ್ಪತ್ತೇಳು ಗೆಲುವುಗಳ ಹಿಂದಿದ್ದ ಯಂತ್ರ ಎಂಥದು ಎಂಬುದನ್ನು ತಿಳಿಯದೆ ಅದು ಏಕೆ ಸೋತಿತೆಂದು ಹೇಳಲಾಗದು. ಹ್ಯಾರಿ ಮಿಲ್ಲರ್ ಎಂಬ ಮೇಧಾವಿ 1933ರಲ್ಲಿ ದಿವಾಳಿಯಾದಾಗ, ಅವರ ಕಾರ್ಖಾನೆಯ ಮೇಲ್ವಿಚಾರಕರಾಗಿದ್ದ ಫ್ರೆಡ್ ಆಫೆನ್‌ಹೌಸರ್ ಅಲ್ಲಿನ ಅಚ್ಚುಗಳನ್ನೂ ಸಲಕರಣೆಗಳನ್ನೂ ಕೊಂಡು, ನಾಲ್ಕು ಸಿಲಿಂಡರಿನ ಆ ಎಂಜಿನ್ನನ್ನು ತಮ್ಮ ಹೆಸರಿನಲ್ಲಿ ಮಾಡಲಾರಂಭಿಸಿದರು. 1946ರಲ್ಲಿ ಅದು ಲೂಯಿಸ್ ಮೇಯರ್ ಮತ್ತು ಡೇಲ್ ಡ್ರೇಕ್ ಅವರ ಕೈಗೆ ಬಂತು. 1947ರಿಂದ 1964ರವರೆಗೆ ಹದಿನೆಂಟು ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಬೇರೆ ಯಾವ ಎಂಜಿನ್ನೂ ಗೆಲ್ಲಲಿಲ್ಲ. ಮಿಲ್ಲರ್ ಕಾಲದಿಂದಲೂ ನಕ್ಷೆ ಬರೆಯುತ್ತಿದ್ದ ಲಿಯೊ ಗೂಸೆನ್ ಅವರೇ ಇಷ್ಟೂ ಕಾಲ ಅದನ್ನು ತಿದ್ದುತ್ತಾ ಬಂದರು.

ನಿಮ್ಮ ಕೈಗೆ ಆ ಎಂಜಿನ್ನು ಸಿಕ್ಕಿದ್ದರೆ, ಹೆಡ್ ಬಿಚ್ಚಲು ಸ್ಪ್ಯಾನರ್ ಹಿಡಿದು ಹುಡುಕಿ ಸೋಲುತ್ತಿದ್ದಿರಿ. ಏಕೆಂದರೆ ಬಿಚ್ಚಲು ಅಲ್ಲಿ ಹೆಡ್ಡೇ ಇಲ್ಲ. ಸಿಲಿಂಡರ್ ಬ್ಲಾಕು ಮತ್ತು ಹೆಡ್ಡು ಒಂದೇ ಎರಕ. ವಾಲ್ವ್ ಕೂರಿಸಬೇಕಾದರೆ ಇಡೀ ಬ್ಲಾಕನ್ನು ಕ್ರ್ಯಾಂಕ್‌ಕೇಸಿನ ಮೇಲಿನಿಂದ ಎತ್ತಿ, ಪಿಸ್ಟನ್ ಓಡಾಡುವ ಕೊಳವೆಯೊಳಗಿಂದಲೇ ವಾಲ್ವನ್ನು ತೂರಿಸಬೇಕು. ಮೆಕ್ಯಾನಿಕ್ಕಿಗೆ ಇದು ತಲೆನೋವಿನ ಕೆಲಸ, ಒಪ್ಪುತ್ತೇನೆ. ಆದರೆ ಹೆಡ್ ಗ್ಯಾಸ್ಕೆಟ್ ಎಂಬುದೇ ಇಲ್ಲವಾದ್ದರಿಂದ ಅದು ಸುಡುವ, ಸೋರುವ ಮಾತೇ ಇರಲಿಲ್ಲ. 1960ರ ದಶಕದ ಮಧ್ಯದಲ್ಲಿ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ವಿ-8 ಎಂಜಿನ್ನು ಬಂದು 1965ರಲ್ಲಿ ಜಿಮ್ ಕ್ಲಾರ್ಕ್ ಅವರ ಲೋಟಸ್ ಗೆದ್ದಾಗ, ಆಫಿಯ ಕಾಲ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಅದನ್ನು ತಯಾರಿಸುತ್ತಿದ್ದ ಮೇಯರ್ ಅವರೇ ಪಾಲು ಬಿಟ್ಟು ಫೋರ್ಡ್ ಎಂಜಿನ್ನುಗಳ ವಿತರಣೆಗೆ ಹೋದರೆಂದ ಮೇಲೆ ಉಳಿದವರು ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆಗ ಎಂಜಿನ್ನನ್ನು ಉಳಿಸಿದ್ದು ಟರ್ಬೊ. ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಗಾಳಿಯನ್ನು ಅದುಮಿ ಒಳಗೆ ತುಂಬುವ ಈ ಸಾಧನಕ್ಕೆ, ಗ್ಯಾಸ್ಕೆಟ್ಟಿಲ್ಲದ ಒಂದೇ ಎರಕದ ಬ್ಲಾಕು ಹೇಳಿಮಾಡಿಸಿದಂತಿತ್ತು. 1968ರಲ್ಲಿ ಬಾಬಿ ಅನ್ಸರ್ ಟರ್ಬೊ ಆಫಿಯಿಂದ ಗೆದ್ದರು. 1972ರಿಂದ 1976ರವರೆಗೆ ನೀವು ಹೇಳುವ ಐದು ಗೆಲುವುಗಳೂ ಇದೇ ಟರ್ಬೊ ಆಫಿಯವು.

ಇಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ ಎಂದು ನನ್ನ ಎಣಿಕೆ. ಯಾವುದು ಅದನ್ನು ಹತ್ತು ವರ್ಷ ಹೆಚ್ಚು ಬದುಕಿಸಿತೋ ಅದೇ ಅದನ್ನು ಒಳಗಿನಿಂದ ಮುರಿಯುತ್ತಾ ಬಂತು. ಟರ್ಬೊ ಎಂಜಿನ್ನುಗಳಿಗೆ ನಿಗದಿಯಾಗಿದ್ದ ಗಾತ್ರ 2.65 ಲೀಟರ್. ಅದನ್ನು ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದರ ಪಾಲಿಗೆ ಸುಮಾರು 660 ಸಿಸಿ. ಕಾಸ್‌ವರ್ತ್‌ನ ಹಾಗೆ ಎಂಟಕ್ಕೆ ಹಂಚಿದರೆ ಸುಮಾರು 330. ನಿಮ್ಮ ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ, ಕಾಸ್‌ವರ್ತ್‌ನ ಒಂದು ಸಿಲಿಂಡರು ಹೆಚ್ಚುಕಡಿಮೆ ಬುಲೆಟ್ 350ರಷ್ಟಿತ್ತು, ಆಫಿಯದು ಎರಡು ಬುಲೆಟ್ ಸೇರಿದಷ್ಟು. ಅಷ್ಟು ದೊಡ್ಡ ಸಿಲಿಂಡರಿನಲ್ಲಿ ಅದುಮಿ ತುಂಬಿದ ಮಿಥನಾಲ್ ಮಿಶ್ರಣ ಒಮ್ಮೆಗೇ ಉರಿದಾಗ ಬೀಳುವ ಪೆಟ್ಟನ್ನು ಪಿಸ್ಟನ್, ರಾಡು, ಕ್ರ್ಯಾಂಕ್‌ಶಾಫ್ಟ್ ಎಲ್ಲವೂ ತಡೆಯಬೇಕು. ಮೊದಲೇ ನಾಲ್ಕು ಸಿಲಿಂಡರಿನ ಎಂಜಿನ್ನು ನಡುಗುವ ಸ್ವಭಾವದ್ದು. ಸಣ್ಣ ಪಿಸ್ಟನ್ನುಗಳ ವಿ-8 ಅದೇ ಶಕ್ತಿಯನ್ನು ಹೆಚ್ಚು ವೇಗದಲ್ಲಿ ತಿರುಗಿ, ಸಣ್ಣ ಸಣ್ಣ ಪೆಟ್ಟುಗಳಲ್ಲಿ ಹೊರತೆಗೆಯುತ್ತದೆ. 1970ರ ದಶಕದ ಆರಂಭದಲ್ಲಿ ರೇಸಿಗೆ ಮುಂಚಿನ ನಾಲ್ಕು ಅರ್ಹತಾ ಸುತ್ತುಗಳಿಗಾಗಿ ಆಫಿಯಿಂದ ಸಾವಿರ ಅಶ್ವಶಕ್ತಿಯ ಆಸುಪಾಸು ಹಿಂಡುತ್ತಿದ್ದರು. ನಾಲ್ಕು ಸುತ್ತಿಗೆ ಅದು ಸರಿ. ಆದರೆ 500 ಮೈಲಿ?

1977ರ ರೇಸನ್ನು ನೋಡಿ. ಗಾರ್ಡನ್ ಜಾನ್‌ಕಾಕ್ ತಮ್ಮ ವೈಲ್ಡ್‌ಕ್ಯಾಟ್ ಕಾರಿನಲ್ಲಿ 129 ಸುತ್ತು ಮುಂದಿದ್ದರು. ಆ ಕಾರಿನಲ್ಲಿದ್ದದ್ದು ಡಿಜಿಎಸ್, ಅಂದರೆ ಡ್ರೇಕ್, ಗೂಸೆನ್ ಮತ್ತು ಆರ್ಟ್ ಸ್ಪಾರ್ಕ್ಸ್ ಹೆಸರು ಹೊತ್ತ, ವಾಲ್ವುಗಳ ಕೋನವನ್ನು ಕಿರಿದಾಗಿಸಿದ ಆಫಿಯ ಕಡೆಯ ರೂಪ. ಗೆಲುವಿಗೆ ಹದಿನಾರೇ ಸುತ್ತು ಬಾಕಿ ಇರುವಾಗ ಎಂಜಿನ್ನು ಕೈಕೊಟ್ಟಿತು. ಜಾನ್‌ಕಾಕ್ ಮೊದಲನೆಯ ತಿರುವಿನ ಬಳಿ ಕಾರು ನಿಲ್ಲಿಸಿ, ಅಲ್ಲಿ ಹರಿಯುತ್ತಿದ್ದ ತೊರೆಗಿಳಿದು ಮೈ ತಣಿಸಿಕೊಂಡರು. ರೇಸನ್ನು ಎ.ಜೆ. ಫಾಯ್ಟ್ ಗೆದ್ದರು. ಆಫಿ ಅಂದು ನಿಧಾನವಾಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ; ಅದು ಯಾರಿಗಿಂತಲೂ ಕಡಿಮೆ ವೇಗದ್ದಲ್ಲ, ಕಡೆಯವರೆಗೆ ಬಾಳದ್ದು.

ಅದೇ ಹೊತ್ತಿಗೆ ಫಾರ್ಮುಲಾ ಒನ್ ರೇಸುಗಳ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನನ್ನು ಕಿರಿದುಮಾಡಿ ಟರ್ಬೊ ಜೋಡಿಸಿದ ಡಿಎಫ್‌ಎಕ್ಸ್ ತಯಾರಾಗಿತ್ತು. ಅದನ್ನು ಅಮೆರಿಕದ ಟ್ರ್ಯಾಕುಗಳಿಗೆ ಒಗ್ಗಿಸಿದ್ದು ಅಲ್ಲಿಯವರೇ ಆದ ಪಾರ್ನೆಲಿ ಜೋನ್ಸ್ ಅವರ ತಂಡ ಎಂಬುದನ್ನು ನೆನಪಿಟ್ಟರೆ, ಪರದೇಶದ ಸಂಚು ಎಂಬ ನಿಮ್ಮ ಮಾತಿನ ಬಿಸಿ ಸ್ವಲ್ಪ ಆರಬಹುದು. 1976ರಲ್ಲೇ ಆಲ್ ಅನ್ಸರ್ ಅಮೆರಿಕದ ಪೊಕೊನೊ ಟ್ರ್ಯಾಕಿನಲ್ಲಿ ಅದರಿಂದ ಗೆದ್ದಿದ್ದರು. 1977ರಲ್ಲಿ ಮೆಕ್‌ಲಾರೆನ್ ತಂಡ ಆಫಿಯನ್ನು ಬಿಟ್ಟು ಕಾಸ್‌ವರ್ತ್ ಹಿಡಿಯಿತು. ಆ ವರ್ಷ ಟಾಮ್ ಸ್ನೀವಾ ಕಾಸ್‌ವರ್ತ್ ಕಾರಿನಲ್ಲೇ ಇಂಡಿಯಾನಾಪೊಲಿಸ್‌ನ ಸುತ್ತಿನ ವೇಗವನ್ನು ಮೊದಲ ಬಾರಿಗೆ ಅಧಿಕೃತವಾಗಿ ಗಂಟೆಗೆ 200 ಮೈಲಿ ದಾಟಿಸಿದರು. 1978ರಿಂದ 1987ರವರೆಗೆ ಹತ್ತು ವರ್ಷ ಇಂಡಿಯಾನಾಪೊಲಿಸ್ ಡಿಎಫ್‌ಎಕ್ಸ್‌ನದೇ.

ಇನ್ನು ನಿಯಮದ ವಿಷಯ. 1973ರ ಭೀಕರ ಅಪಘಾತಗಳ ನಂತರ ಟರ್ಬೊ ಒತ್ತಡಕ್ಕೆ ಮಿತಿ ಹಾಕಿದ್ದು ನಿಜ, ಹೆಚ್ಚು ಒತ್ತಡವನ್ನೇ ನಂಬಿಕೊಂಡಿದ್ದ ಆಫಿಗೆ ಅದು ತಟ್ಟಿದ್ದೂ ನಿಜ. ಆದರೆ 1979ರಲ್ಲಿ ವಿ-8ಗಳ ಒತ್ತಡವನ್ನು ಮತ್ತಷ್ಟು ಇಳಿಸಿದಾಗ, ನಾಲ್ಕು ಸಿಲಿಂಡರಿನವುಗಳಿಗೆ ಅದಕ್ಕಿಂತ ಹೆಚ್ಚಿನ ಒತ್ತಡ ಬಿಟ್ಟುಕೊಟ್ಟರು. ಕೊಲ್ಲಲು ಹೊರಟವರು ಮಾಡುವ ಕೆಲಸ ಅದಲ್ಲ. ನನ್ನ ದೃಷ್ಟಿಯಲ್ಲಿ ನಿಯಮಕ್ಕಿಂತ ದೊಡ್ಡ ಕಾರಣ ಮನುಷ್ಯರದು. ಡ್ರೇಕ್ 1972ರಲ್ಲಿ, ಗೂಸೆನ್ 1974ರಲ್ಲಿ ತೀರಿಕೊಂಡರು. ದೊಡ್ಡ ತಂಡಗಳು ಒಂದೊಂದಾಗಿ ಕೈಬಿಟ್ಟ ಮೇಲೆ, ಮುರಿದದ್ದೇಕೆಂದು ಹುಡುಕಿ ಮುಂದಿನ ರೇಸಿಗೆ ತಿದ್ದುವ ಹಣವೂ ಹೋಯಿತು. ಹಳೆಯ ವಾಹನಕ್ಕೆ ಬಿಡಿಭಾಗ ಸಿಗುವುದು ನಿಂತಾಗ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೂ ಅದು ಹಟ ಬಿಡಲಿಲ್ಲ. ಆಫಿಯ ಕೊನೆಯ ಗೆಲುವೆಂದು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು 1978ರಲ್ಲಿ ಟ್ರೆಂಟನ್‌ನಲ್ಲಿ ಜಾನ್‌ಕಾಕ್ ಗೆದ್ದದ್ದನ್ನು. ಅದಕ್ಕಿಂತಲೂ ನನಗೆ ಇಷ್ಟವಾಗುವುದು 1980ರ ಇಂಡಿಯಾನಾಪೊಲಿಸ್. ಗ್ಯಾರಿ ಬೆಟೆನ್‌ಹೌಸನ್ ಹಳೆಯದೊಂದು ವೈಲ್ಡ್‌ಕ್ಯಾಟ್‌ನಲ್ಲಿ, ಡಿಜಿಎಸ್ ಎಂಜಿನ್ನಿಟ್ಟುಕೊಂಡು, 33 ಕಾರುಗಳ ಸಾಲಿನಲ್ಲಿ 32ನೆಯವರಾಗಿ ಹೊರಟು ಮೂರನೆಯವರಾಗಿ ಮುಗಿಸಿದರು. ಅವರ ಬೆನ್ನಹಿಂದೆ ನಾಲ್ಕನೆಯವರಾಗಿ ಬಂದವರು, ಆ ವೇಳೆಗೆ ಕಾಸ್‌ವರ್ತ್‌ಗೆ ಬದಲಾಗಿದ್ದ ಅದೇ ಜಾನ್‌ಕಾಕ್. ರೇಸು ಗೆದ್ದವರು ಅದೇ ರುದರ್‌ಫರ್ಡ್, ಅವರದೂ ಕಾಸ್‌ವರ್ತ್.

1982ರಲ್ಲಿ ಪೊಕೊನೊದಲ್ಲಿ 54ರ ಜಿಮ್ ಮ್ಯಾಕೆಲ್‌ರೀತ್ ಒಂದು ಈಗಲ್ ಕಾರಿನಲ್ಲಿ ಆಫಿಯನ್ನು ಕಡೆಯ ಬಾರಿಗೆ ರೇಸಿಗಿಳಿಸಿದರು. ಮರುವರ್ಷ ಇಂಡಿಯಾನಾಪೊಲಿಸ್‌ಗೆ ಬಂದ ಎರಡು ಆಫಿ ಕಾರುಗಳು ಅರ್ಹತೆ ಪಡೆಯದೆ ಹಿಂದಿರುಗಿದವು. ಆದ್ದರಿಂದ ನಮ್ಮ ಆ ಸಾಲನ್ನು ‘1976ರಲ್ಲಿ ಆಫೆನ್‌ಹೌಸರ್ ಇಂಡಿಯಾನಾಪೊಲಿಸ್‌ನಲ್ಲಿ ಕಡೆಯ ಬಾರಿ ಗೆದ್ದಿತು, 1982ರಲ್ಲಿ ಪೊಕೊನೊದಲ್ಲಿ ಕಡೆಯ ಬಾರಿ ಓಡಿತು’ ಎಂದು ತಿದ್ದಿ ಓದಿಕೊಳ್ಳಬೇಕೆಂದು ತಮ್ಮಲ್ಲಿಯೂ ಉಳಿದ ಓದುಗರಲ್ಲಿಯೂ ವಿನಂತಿ.

— ಸಂಪಾದಕ