ಮಳೆ ಅಳೆಯುವ ಬಾಟಲಿ, ಇಬ್ಬನಿ ಬೀಳದ ಮರದಡಿ: ಶಾಲೆಯ ಪರಿಸರ ಪಾಠದ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪರಿಸರ ಮತ್ತು ಹವಾಮಾನದ ಪಾಠವನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವುದು ಹೇಗೆ ಅಂತ ಶಿಕ್ಷಕರು, ಪೋಷಕರು ತುಂಬಾ ಜನ ಕೇಳಿದ್ದೀರಿ. ಅವುಗಳಲ್ಲಿ ಕೆಲವನ್ನು ಆರಿಸಿ ಉತ್ತರ ಬರೆದಿದ್ದೇನೆ.

ನಮಸ್ಕಾರ ಮೇಡಂ. ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಕೋ ಕ್ಲಬ್ ಜವಾಬ್ದಾರಿ ನನ್ನದು. ವರ್ಷಕ್ಕೊಂದು ಜಾಥಾ, ಒಂದು ಚಿತ್ರಕಲೆ ಸ್ಪರ್ಧೆ ಮಾಡ್ತೀವಿ, ಅಷ್ಟೇ. ಮಕ್ಕಳಿಗೆ ನಿಜವಾಗಿ ಏನಾದರೂ ಕಲಿಸಬೇಕು ಅಂತ ಆಸೆ. ಲ್ಯಾಬ್ ಇಲ್ಲ, ದುಡ್ಡೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಟೀಚರ್, ಮಳೆ ಅಳೆಯಿರಿ. ಅದೊಂದೇ ಕೆಲಸ ಸಾಕು. ಆದರೆ ವರ್ಷಪೂರ್ತಿ ಮಾಡಬೇಕು.

ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ ತಗೊಳ್ಳಿ. ಮೈ ನೇರವಾಗಿರಲಿ, ನಡುವೆ ಸೊಂಟದ ಹಾಗೆ ಒಳಗೆ ಹೋದದ್ದು ಬೇಡ. ಮೇಲಿನ ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಅದನ್ನೇ ತಲೆಕೆಳಗು ಮಾಡಿ ಬಾಟಲಿಯೊಳಗೆ ಕೂರಿಸಿ. ಅದು ಆಲಿಕೆಯ ಹಾಗೆ ಕೆಲಸ ಮಾಡುತ್ತದೆ, ಒಳಗಿನ ನೀರು ಬಿಸಿಲಿಗೆ ಬೇಗ ಆರುವುದೂ ಇಲ್ಲ. ತಳ ಉಬ್ಬುತಗ್ಗಾಗಿರುತ್ತದೆ ಅಲ್ವಾ? ಅಲ್ಲಿಗೆ ಸ್ವಲ್ಪ ಬೆಣಚುಕಲ್ಲು ಹಾಕಿ, ಕಲ್ಲು ಪೂರ್ತಿ ಮುಳುಗಿ ಬಾಟಲಿಯ ಮೈ ನೇರವಾಗುವ ತನಕ ನೀರು ಹಾಕಿ. ಅಲ್ಲಿ ಸೊನ್ನೆ ಅಂತ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ದಿನವೂ ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತಂದಿಡಬೇಕು.

ಇಡುವ ಜಾಗ ಮುಖ್ಯ. ಮರದ ಕೆಳಗೆ, ಸೂರಿನ ಅಂಚಿಗೆ ಬೇಡ. ಹತ್ತಿರದ ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ ಇರಲಿ. ಭಾರತೀಯ ಹವಾಮಾನ ಇಲಾಖೆ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನಿಮ್ಮ ಶಾಲೆ ಅಷ್ಟು ಬೇಗ ತೆರೆಯದಿದ್ದರೆ ಪಕ್ಕದಲ್ಲೇ ಮನೆ ಇರುವ ಇಬ್ಬರು ಮಕ್ಕಳಿಗೆ ಸರದಿ ಕೊಡಿ. ಅದೂ ಆಗದಿದ್ದರೆ ಬಾಗಿಲು ತೆರೆದ ಕೂಡಲೇ ಓದಿ. ದಿನವೂ ಒಂದೇ ಹೊತ್ತಿಗೆ ಓದಬೇಕು ಅಷ್ಟೇ. ಪ್ರಾರ್ಥನೆಯಲ್ಲಿ ವಾರ್ತೆ ಓದಿದ ಮೇಲೆ ಆ ಮಗು ಮಳೆಯ ಲೆಕ್ಕವನ್ನೂ ಓದಲಿ.

ಇನ್ನು ಪುಸ್ತಕ. ನೂರು ಪುಟದ ರೂಲ್ಡ್ ಬುಕ್ ಸಾಕು. ಮಳೆ ಬಾರದ ದಿನ 'ಸೊನ್ನೆ' ಅಂತ ಬರೆಯಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಓದಲು ಮರೆತೆವೋ ಗೊತ್ತಾಗುವುದಿಲ್ಲ. ಭಾನುವಾರ ಓದಲು ಆಗದಿದ್ದರೆ ಸೋಮವಾರ 'ಎರಡು ದಿನದ ಒಟ್ಟು' ಅಂತಲೇ ಬರೆಯಲಿ. ಅಂದಾಜಿನಲ್ಲಿ ಅರ್ಧರ್ಧ ಹಂಚಬಾರದು. ಒಮ್ಮೆ ಒಂದು ಶಾಲೆಗೆ ಹೋಗಿದ್ದಾಗ ಆರನೇ ತರಗತಿಯ ಹುಡುಗಿ ಪುಸ್ತಕ ತೋರಿಸಿದಳು. ಒಂದು ಸಾಲಿನಲ್ಲಿ '14' ಅಂತ ಇತ್ತು, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಆಡು ಬೀಳಿಸಿತು, ಲೆಕ್ಕ ಇಲ್ಲ' ಅಂತ ಬರೆದಿದ್ದಳು. ಹದಿನಾಲ್ಕು ಅಂತಲೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸಾಲು ನೋಡಿ ನನಗೆ ಕಣ್ಣು ತುಂಬಿ ಬಂತು.

ಎರಡು ತಿಂಗಳು ಕಳೆದರೆ ಈ ಪುಸ್ತಕದಿಂದ ಎಷ್ಟೋ ಪಾಠ ಹುಟ್ಟುತ್ತವೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 20 ಅಡಿ ಉದ್ದ, 20 ಅಡಿ ಅಗಲದ ನಿಮ್ಮ ಕೊಠಡಿಯ ಚಾವಣಿ ಸುಮಾರು 37 ಚದರ ಮೀಟರ್. 20 ಮಿ.ಮೀ. ಮಳೆ ಬಂದ ದಿನ ಅದರ ಮೇಲೆ ಸುಮಾರು 740 ಲೀಟರ್ ಬಿದ್ದಿರುತ್ತದೆ. 15 ಲೀಟರಿನ ಬಿಂದಿಗೆ ಲೆಕ್ಕದಲ್ಲಿ ಹತ್ತಿರ ಹತ್ತಿರ 50 ಬಿಂದಿಗೆ! ನಿಮ್ಮ ಕಡೆಯ ಮಕ್ಕಳಿಗೆ ಬಿಂದಿಗೆಯ ತೂಕ ಗೊತ್ತು. ಈ ಲೆಕ್ಕವನ್ನು ಅವರೇ ಮಾಡಲಿ.

ಆಮೇಲೆ ಅಜ್ಜ ಅಜ್ಜಿಯರ ಹತ್ತಿರ ಕಳಿಸಿ. ನಮ್ಮ ಹಿರಿಯರ ಲೆಕ್ಕ ಜೂನ್, ಜುಲೈ ಅಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ಹೇಳುವವರು ನಿಮ್ಮೂರಲ್ಲೂ ಇರುತ್ತಾರೆ. ಶೇಂಗಾ ಬಿತ್ತಲು ಹಿಂದೆ ಯಾವ ಮಳೆ ಕಾಯುತ್ತಿದ್ದರು, ಈಗ ಯಾವಾಗ ಬಿತ್ತುತ್ತಾರೆ ಅಂತ ಮಕ್ಕಳು ಕೇಳಿ ಬರೆಯಲಿ. ತಮ್ಮ ಪುಸ್ತಕದ ಅಂಕಿಗಳನ್ನು ನಕ್ಷತ್ರದ ಪ್ರಕಾರ ಕೂಡಿಸಿ ನೋಡಲಿ. ಹವಾಮಾನ ಬದಲಾವಣೆ ಅನ್ನುವ ಮಾತು ಅಲ್ಲಿಂದ ಶುರುವಾದರೆ ಮಕ್ಕಳ ಮನಸ್ಸಿಗೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಒಂದು ವರ್ಷ ಮಳೆ ಕಡಿಮೆಯಾದರೆ 'ನೋಡಿ, ಇದೇ ಹವಾಮಾನ ಬದಲಾವಣೆ' ಅಂತ ಹೇಳಬೇಡಿ. ಒಂದು ಊರಿನ ಹವಾಮಾನ ಇಂಥದ್ದು ಅಂತ ಹೇಳಲು ವಿಜ್ಞಾನಿಗಳು ಸಾಮಾನ್ಯವಾಗಿ 30 ವರ್ಷದ ಸರಾಸರಿ ನೋಡುತ್ತಾರೆ. ಇವತ್ತು ಬಾಟಲಿ ಓದುವ ಹುಡುಗಿ ಮುಂದೆ ತನ್ನ ಮಗುವನ್ನು ಇದೇ ಶಾಲೆಗೆ ಸೇರಿಸಿ, ಆ ಮಗುವೂ ಹೈಸ್ಕೂಲು ದಾಟುವಷ್ಟು ಕಾಲ. ಅಲ್ಲಿಯವರೆಗೆ ಹಳೆಯ ಅಂಕಿಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆಯುವ ಯಂತ್ರಗಳನ್ನು ಇಟ್ಟಿದೆ. ನಿಮ್ಮ ಪಂಚಾಯಿತಿಯದು ಎಲ್ಲಿದೆ ಅಂತ ಹುಡುಕಿ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅವರ ಅಂಕಿಗೂ ನಿಮ್ಮ ಬಾಟಲಿಗೂ ವ್ಯತ್ಯಾಸ ಬಂದರೆ ಹೆದರಬೇಡಿ. ಊರಿನ ಈ ಕಡೆ ಸುರಿದ ಮಳೆ ಆ ಕಡೆ ಬರದೆ ಇರುವುದು ನಮಗೆಲ್ಲ ಗೊತ್ತೇ ಇದೆ.

ನಾನು ಹೈಸ್ಕೂಲು ವಿಜ್ಞಾನ ಶಿಕ್ಷಕ. ಎರಡು ಬಾಟಲಿ ತಗೊಂಡು, ಒಂದರಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಇಂಗಾಲದ ಡೈಆಕ್ಸೈಡ್ ತುಂಬಿಸಿ, ಎರಡನ್ನೂ ಬಲ್ಬಿನ ಕೆಳಗಿಟ್ಟು ಉಷ್ಣತೆ ಅಳೆಯುವ ಪ್ರಯೋಗ ಮಾಡಿಸ್ತೀನಿ. ಅನಿಲ ತುಂಬಿದ ಬಾಟಲಿ ಜಾಸ್ತಿ ಬಿಸಿಯಾಗಬೇಕು. ಕೆಲವು ಸಲ ಆಗುತ್ತೆ, ಕೆಲವು ಸಲ ಆಗಲ್ಲ. ತಪ್ಪೆಲ್ಲಿದೆ?

ಸರ್, ತಪ್ಪು ನಿಮ್ಮದಲ್ಲ. ಆ ಪ್ರಯೋಗವೇ ಸರಿಯಿಲ್ಲ. ಅನಿಲ ತುಂಬಿದ ಬಾಟಲಿ ಜಾಸ್ತಿ ಬಿಸಿಯಾದರೂ ಅದಕ್ಕೆ ಮುಖ್ಯ ಕಾರಣ ಹಸಿರುಮನೆ ಪರಿಣಾಮ, ಅಂದರೆ ಗಾಳಿಯಲ್ಲಿನ ಕೆಲವು ಅನಿಲಗಳು ನೆಲದ ಶಾಖವನ್ನು ಹಿಡಿದಿಡುವುದು, ಅಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಅದು ತಳದಲ್ಲಿ ಕೂತುಬಿಡುತ್ತದೆ, ಮೇಲಿನ ಗಾಳಿಯ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಹಾಗಾಗಿ ಬಿಸಿ ಹೊರಗೆ ಹೋಗುವುದು ನಿಧಾನ. 2010ರಲ್ಲಿ ಭೌತವಿಜ್ಞಾನಿಗಳು ಇದನ್ನು ಆರ್ಗಾನ್ ಅನಿಲದಿಂದಲೂ ಮಾಡಿ ತೋರಿಸಿದರು. ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ, ಆದರೆ ಅದೂ ಗಾಳಿಗಿಂತ ಭಾರ. ಅಲ್ಲೂ ಹಾಗೆಯೇ ಬಿಸಿ ಹೆಚ್ಚಿತು. ಉತ್ತರ ಸರಿ, ಕಾರಣ ತಪ್ಪು. ಇಂಥದ್ದನ್ನು ಮಕ್ಕಳ ತಲೆಗೆ ತುಂಬಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬದಲಿಗೆ ಇದನ್ನು ಮಾಡಿಸಿ. ಡಿಸೆಂಬರ್ ಅಥವಾ ಜನವರಿಯಲ್ಲಿ, ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಕಳೆದ ಬೆಳಿಗ್ಗೆ, ಬಿಸಿಲೇರುವ ಮುಂಚೆ ಮಕ್ಕಳನ್ನು ಮೈದಾನಕ್ಕೆ ಕರೆಯಿರಿ. ಬರಿಗಾಲಲ್ಲಿ ನಡೆಯಲಿ. ಬಯಲಿನ ಹುಲ್ಲು ಇಬ್ಬನಿಯಿಂದ ಒದ್ದೆ. ಅಲ್ಲಿಂದ ದಟ್ಟವಾದ ಹೊಂಗೆಯೋ ಮಾವೋ ಇರುವ ಕಡೆ ಬರಲಿ. ಮರದಡಿಯ ಹುಲ್ಲು ಒಣಗಿರುತ್ತದೆ, ಇಲ್ಲವೇ ಇಬ್ಬನಿ ಬಹಳ ಕಡಿಮೆ. ಒದ್ದೆ ಎಲ್ಲಿಗೆ ನಿಂತಿತೋ ಅಲ್ಲಿ ಸುಣ್ಣದ ಪುಡಿ ಹಾಕುತ್ತಾ ಹೋಗಲಿ. ಹೆಚ್ಚುಕಡಿಮೆ ಮರದ ಕೊಂಬೆಗಳ ಅಂಚನ್ನೇ ಹಿಂಬಾಲಿಸುವ ಒಂದು ಸುತ್ತು ಸಿಗುತ್ತದೆ.

ಯಾಕೆ ಹೀಗೆ? ಹಗಲು ಕಾದ ನೆಲ ರಾತ್ರಿಯಿಡೀ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಬಯಲಲ್ಲಿ ಅದರಲ್ಲಿ ಬಹುಪಾಲು ಆಕಾಶಕ್ಕೆ ಹೋಗುತ್ತದೆ. ಹುಲ್ಲು ತಣ್ಣಗಾಗಿ ಇಬ್ಬನಿ ಕೂರುತ್ತದೆ. ಮರದಡಿಯಲ್ಲಿ ಎಲೆಗಳು ಆ ಶಾಖ ಹೀರಿ, ತಮ್ಮ ಶಾಖವನ್ನು ಕೆಳಕ್ಕೂ ಕಳಿಸುತ್ತವೆ. ಹುಲ್ಲು ಅಷ್ಟು ತಣ್ಣಗಾಗುವುದಿಲ್ಲ. ಮೋಡ ಕವಿದ ರಾತ್ರಿ ಚಳಿ ಕಡಿಮೆ ಇರುವುದಕ್ಕೂ ಇದೇ ಕಾರಣ. ಗಾಳಿಯಲ್ಲಿನ ನೀರಾವಿ, ಇಂಗಾಲದ ಡೈಆಕ್ಸೈಡ್ ಮಾಡುವುದೂ ಇಂಥದ್ದೇ ಕೆಲಸ. ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಈ ಅಂಕಿಯನ್ನು ಇಬ್ಬನಿ ತುಳಿದ ಮೇಲೆ ಹೇಳಿ, ಮೊದಲೇ ಬೇಡ.

ಇನ್ನೊಂದು, ಹತ್ತು ನಿಮಿಷದ ತಯಾರಿ ಸಾಕು. ಒಂದೇ ಥರದ ಎರಡು ಲೋಟ ತಗೊಳ್ಳಿ. ಒಂದರಲ್ಲಿ ಐಸ್ ನೀರಲ್ಲಿ ತೇಲಲಿ. ಇನ್ನೊಂದರಲ್ಲಿ ನೀರಿನಿಂದ ಮೇಲೆದ್ದ ಕಲ್ಲಿನ ಮೇಲೆ ಅಷ್ಟೇ ಐಸ್ ಇರಲಿ. ಎರಡಕ್ಕೂ ನೀರಿನ ಮಟ್ಟ ಗುರುತು ಮಾಡಿ ಕರಗಲು ಬಿಡಿ. ತೇಲುವ ಐಸ್ ಕರಗಿದರೆ ಮಟ್ಟ ಏರುವುದಿಲ್ಲ. ಕಲ್ಲಿನ ಮೇಲಿನದು ಕರಗಿದರೆ ಏರುತ್ತದೆ. ಗ್ರೀನ್‌ಲ್ಯಾಂಡಿನ ನೆಲದ ಮೇಲಿನ ಹಿಮದ ಬಗ್ಗೆ ಯಾಕಿಷ್ಟು ಚಿಂತೆ ಅಂತ ಅವರೇ ಹೇಳುತ್ತಾರೆ.

ಪ್ರತಿ ವರ್ಷ ಜೂನ್ 5ಕ್ಕೆ ಶಾಲೆಯಲ್ಲಿ ಗಿಡ ನೆಡ್ತೀವಿ. ಬೇಸಿಗೆ ರಜೆ ಮುಗಿದು ಬಂದರೆ ಒಂದೂ ಇರಲ್ಲ. ಮಕ್ಕಳಿಗೂ ಬೇಜಾರು. (ಮುಖ್ಯ ಶಿಕ್ಷಕರು, ಕೊಪ್ಪಳ ಜಿಲ್ಲೆ)

ಸರ್, ಐವತ್ತು ಬೇಡ, ಮೂರು ನೆಡಿ. ಅದೂ ಬೀಜದಿಂದ ಮಕ್ಕಳೇ ಎಬ್ಬಿಸಿದ ಸಸಿ. ಬೇವಿನ ಹಣ್ಣು ಉದುರುವ ಕಾಲದಲ್ಲಿ ಬೀಜ ಆರಿಸಿ, ತಿರುಳು ತೊಳೆದು, ಆ ವಾರದಲ್ಲೇ ಬಿತ್ತಬೇಕು. ಬೇವಿನ ಬೀಜ ಇಟ್ಟಷ್ಟೂ ಮೊಳಕೆ ಬರುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಹಲಸಿನದೂ ಹಾಗೆಯೇ. ಹುಣಸೆ ಬೀಜವಾದರೆ ತಡೆಯುತ್ತದೆ. ಅಂಕೋಲಾದ ತುಳಸಿ ಗೌಡ ಅವರಿಗೆ ಪದ್ಮಶ್ರೀ ಬಂದದ್ದು ಸಾವಿರಾರು ಸಸಿ ಬೆಳೆಸಿದ್ದಕ್ಕೆ ಮಾತ್ರ ಅಲ್ಲ. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಅನ್ನುವ ಅವರ ತಿಳಿವಳಿಕೆಗೆ ಅರಣ್ಯ ಇಲಾಖೆಯವರೇ ತಲೆಬಾಗುತ್ತಿದ್ದರು.

ರಜೆಗೆ ಉಪಾಯ ಇದೆ. ಗಿಡದ ಪಕ್ಕ ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿ. ನೀರು ಜಿನುಗುತ್ತಾ ಬೇರಿಗೆ ಹೋಗುತ್ತದೆ. ದಿನವೂ ನೀರು ಹಾಕುವ ಕೆಲಸ ತಪ್ಪುತ್ತದೆ, ಆಗಾಗ ತುಂಬಿದರೆ ಸಾಕು. ಅದಕ್ಕೆ ಎಸ್‌ಡಿಎಂಸಿಯವರಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬರನ್ನು ಒಪ್ಪಿಸಿ.

ಜೊತೆಗೆ ಆಗಲೇ ಇರುವ ಒಂದು ದೊಡ್ಡ ಮರವನ್ನು ಪ್ರತಿ ತರಗತಿ ದತ್ತು ತಗೊಳ್ಳಲಿ. ವಾರಕ್ಕೊಮ್ಮೆ ಅದೇ ಮರ ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆಯಲಿ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ 2010ರಿಂದ ಹೀಗೇ ಮರಗಳ ಲೆಕ್ಕ ಇಡುತ್ತಿದ್ದಾರೆ. ಅದರಲ್ಲಿ ಕೇರಳದ ಶಾಲಾ ಮಕ್ಕಳ ಪಾಲು ದೊಡ್ಡದು. ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಹೂ ಎಷ್ಟೋ ಮುಂಚೆಯೇ ಅರಳುತ್ತಿರುವುದನ್ನು ಆ ಮಕ್ಕಳು ದಾಖಲಿಸಿದ್ದಾರೆ. ನಮ್ಮ ಯುಗಾದಿಯ ಮಾವಿನ ಚಿಗುರು, ಬೇವಿನ ಹೂ ನಮ್ಮ ಮಕ್ಕಳು ನೋಡಬಹುದಲ್ವಾ?

ಮೇಡಂ, ನನ್ನ ಮಗಳಿಗೆ ಒಂಬತ್ತು ವರ್ಷ. ಬೆಂಗಳೂರಿನಲ್ಲಿ ಓದ್ತಿದ್ದಾಳೆ. ಶಾಲೆಯಲ್ಲಿ ಹವಾಮಾನ ಬದಲಾವಣೆ ಬಗ್ಗೆ ವಿಡಿಯೊ ತೋರಿಸಿದ್ದರಂತೆ. ಅವತ್ತಿನಿಂದ 'ಅಮ್ಮಾ, ಭೂಮಿ ಸುಟ್ಟು ಹೋಗುತ್ತಾ?' ಅಂತ ರಾತ್ರಿ ಕೇಳ್ತಾಳೆ. ಏನು ಹೇಳಲಿ?

'ಇಲ್ಲ ಕಂದ, ಸುಟ್ಟು ಹೋಗಲ್ಲ' ಅಂತ ಮೊದಲು ಹೇಳಿ. ಅದು ಸುಳ್ಳಲ್ಲ. ಭೂಮಿ ಬಿಸಿಯಾಗುತ್ತಿರುವುದು ನಿಜ, ಅದರಿಂದ ತುಂಬಾ ಜನರಿಗೆ ಕಷ್ಟ ಆಗುತ್ತಿರುವುದೂ ನಿಜ. ಆದರೆ ಕಾರಣ ಗೊತ್ತಿದೆ: ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಡುವುದು. ಅದನ್ನು ಕಡಿಮೆ ಮಾಡಲು ದೊಡ್ಡವರು ಕೆಲಸ ಮಾಡುತ್ತಿದ್ದಾರೆ ಅಂತ ಅವಳಿಗೆ ಕಣ್ಣಾರೆ ಕಾಣಬೇಕು. ಒಂದು ಭಾನುವಾರ ಪಾವಗಡದ ಕಡೆ ಕರೆದುಕೊಂಡು ಹೋಗಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರಸ್ತೆಯಿಂದ ನೋಡಿದರೂ ಸಾಕು, ಕಣ್ಣು ಹಾಯುವವರೆಗೂ ಫಲಕಗಳೇ.

ಮನೆಯಲ್ಲಿ ಅವಳಿಗೊಂದು ಕೆಲಸ ಕೊಡಿ. ಪ್ರತಿ ಭಾನುವಾರ ಕರೆಂಟ್ ಮೀಟರ್ ಓದಿ ಯೂನಿಟ್ ಬರೆಯಲಿ. ಯಾವ ವಾರ ಜಾಸ್ತಿ ಬಂತು, ಗೀಸರ್ ಎಷ್ಟು ಹೊತ್ತು ಉರಿಯಿತು ಅಂತ ಅವಳೇ ಪತ್ತೆ ಮಾಡಲಿ. 'ಭೂಮಿಯನ್ನು ನೀನೇ ಉಳಿಸಬೇಕು' ಅಂತ ಮಾತ್ರ ಯಾರೂ ಹೇಳಬೇಡಿ. ಒಂಬತ್ತು ವರ್ಷದ ಮಗುವಿನ ಹೆಗಲ ಮೇಲೆ ಹೊರಿಸುವ ಭಾರ ಅಲ್ಲ ಅದು. ಶಾಲೆಯ ಟೀಚರ್ ಹತ್ತಿರವೂ ಸಮಾಧಾನವಾಗಿ ಮಾತಾಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ತೋರಿಸಿರುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕರಗುವ ಹಿಮ, ಸಾಯುವ ಕರಡಿಯ ಚಿತ್ರಕ್ಕಿಂತ ಶಾಲೆಯ ಅಂಗಳದ ಇರುವೆ, ಅಳಿಲು, ಎರೆಹುಳು ಹೆಚ್ಚು ಕಲಿಸುತ್ತವೆ.

ಇದೆಲ್ಲ ಚೆನ್ನಾಗಿದೆ. ಆದರೆ ಪಠ್ಯ ಮುಗಿಸೋದೇ ಕಷ್ಟ. ಸಮಯ ಎಲ್ಲಿದೆ?

ಈ ಪ್ರಶ್ನೆ ಕೇಳಿದವರು ಒಬ್ಬರಲ್ಲ. ಪರಿಸರ ಶಿಕ್ಷಣ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಅಲ್ಲಿಂದ ಪಾಠಗಳು ಪುಸ್ತಕಕ್ಕೆ ಬಂದವು, ಅಂಗಳಕ್ಕೆ ಇಳಿದದ್ದು ಕಡಿಮೆ. ಬೇರೆ ಪಿರಿಯಡ್ ಹುಡುಕಬೇಡಿ. ಮಳೆಯ ಅಂಕಿಯಲ್ಲೇ ಗಣಿತದ ಸರಾಸರಿ, ಸ್ತಂಭಾಲೇಖ ಮಾಡಿಸಿ. ಅಜ್ಜಿಯ ಜೊತೆಗಿನ ಮಾತುಕತೆ ಕನ್ನಡದ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಆಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಗೆ ಹತ್ತು ದಿನ ಬ್ಯಾಗ್ ಇಲ್ಲದ ಕಲಿಕೆಯ ಮಾತಿದೆ. ಆದರೆ ಬಾಟಲಿ ಓದಲು ಅದಕ್ಕೂ ಕಾಯಬೇಕಿಲ್ಲ, ಎರಡು ನಿಮಿಷ ಸಾಕು.

ಬಾಟಲಿ ಇಟ್ಟಿದ್ದೆವು. ಮಂಗಗಳು ಕಿತ್ತುಕೊಂಡು ಹೋದವು! (ಏಳನೇ ತರಗತಿ ವಿದ್ಯಾರ್ಥಿಗಳು, ಸಾಗರ ತಾಲ್ಲೂಕು)

ಮಕ್ಕಳೇ, ಅಡಿಕೆ ದಬ್ಬೆ ಅಥವಾ ಕಬ್ಬಿಣದ ಕಂಬಿಯನ್ನು ನೆಲಕ್ಕೆ ಹೂತು, ಬಾಟಲಿಯನ್ನು ಎರಡು ಕಡೆ ತಂತಿಯಿಂದ ಬಿಗಿಯಾಗಿ ಕಟ್ಟಿ. ಬಾಟಲಿಯ ಬಾಯಿ ಕಂಬಿಗಿಂತ ಮೇಲಿರಲಿ. ಇಲ್ಲದಿದ್ದರೆ ಕಂಬಿಗೆ ಬಿದ್ದ ಹನಿ ಸಿಡಿದು ಲೆಕ್ಕ ತಪ್ಪುತ್ತದೆ. ನಿಮ್ಮ ಕಡೆ ಮಳೆ ಜೋರು, ಒಂದೇ ದಿನಕ್ಕೆ ಬಾಟಲಿ ತುಂಬಿ ಹರಿದರೂ ಹರಿಯಬಹುದು. ಜುಲೈನಲ್ಲಿ ಸಂಜೆ ಮನೆಗೆ ಹೋಗುವ ಮುಂಚೆಯೂ ಒಮ್ಮೆ ಓದಿ. ಅದನ್ನು ಮರುದಿನ ಬೆಳಿಗ್ಗೆಯ ಲೆಕ್ಕಕ್ಕೆ ಕೂಡಿಸಿ ಬರೆಯಿರಿ. ಮಂಗ ಕಿತ್ತ ದಿನದ ಸಾಲಿನಲ್ಲಿ ಏನು ಬರೆಯಬೇಕು ಅಂತ ಮೇಲಿನ ಆಡಿನ ಕಥೆ ಓದಿದರೆ ಗೊತ್ತಾಗುತ್ತದೆ.