ಅವರೆಕಾಯಿ ಕಂಡರೂ ಲೆಕ್ಕ

ಇಷ್ಟಪಟ್ಟು ಮಾಡುತ್ತಿದ್ದುದನ್ನೇ ದುಡಿಮೆ ಮಾಡಿಕೊಂಡು, ಈಗ ಅದರಲ್ಲಿ ಖುಷಿಯೇ ಇಲ್ಲ ಅಂತ ನನ್ನ ಹತ್ತಿರ ಆಪ್ತಸಲಹೆಗೆ ಬರುವವರು ಈಚೆಗೆ ಪದೇ ಪದೇ ಸಿಗುತ್ತಿದ್ದಾರೆ, ಅದಕ್ಕೇ ಒಬ್ಬರ ಕಥೆ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೈಸೂರಿನ ಗೃಹಿಣಿ, ನಲವತ್ತರ ಆಸುಪಾಸು. ತಾರಸಿ ಮೇಲೆ ಕುಂಡಗಳಲ್ಲಿ ಮೆಂತ್ಯ, ಕೊತ್ತಂಬರಿ, ಬದನೆ. ಕೇಕ್ ಚೆನ್ನಾಗಿ ಮಾಡುತ್ತಿದ್ದರು. "ಸುಮ್ನೆ ಯಾಕೆ ಹಂಚ್ತೀರ ಅತ್ತಿಗೆ, ಆರ್ಡರ್ ತಗೊಳ್ಳಿ" ಅಂದರು ನಾದಿನಿ. ತಿನಿಸು ಮಾರುವುದಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಯಿತು, ದೊಡ್ಡ ಓವನ್ ಬಂತು, ಡಿಸೆಂಬರ್ ಪೂರ್ತಿ ಪ್ಲಮ್ ಕೇಕ್. ನನ್ನ ಹತ್ತಿರ ಬಂದಾಗ ಹೇಳಿದ್ದು, ಯಾವುದರಲ್ಲೂ ರುಚಿ ಇಲ್ಲ, ವೆನಿಲಾ ವಾಸನೆಗೇ ಸಿಟ್ಟು ಬರುತ್ತೆ ಅಂತ. ಖಿನ್ನತೆ ಇರಬಹುದಾ ಅಂತ ಮೊದಲು ವಿಚಾರಿಸಿದೆ. ನಿದ್ದೆ, ಊಟ ಸರಿಯಾಗೇ ಇತ್ತು. ಹಾಗಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಒಂದು ದಿನ ಮಾತಿನ ಮಧ್ಯೆ ಹೇಳಿದರು: "ಭಾನುವಾರ ಯಜಮಾನರ ಜೊತೆ ದೇವರಾಜ ಮಾರ್ಕೆಟ್‌ಗೆ ಹೋಗಿದ್ದೆ ಮೇಡಂ. ಅವರೆಕಾಯಿ ರಾಶಿ ಹಾಕಿದ್ರು. ಮೊದಲಾಗಿದ್ರೆ ಒಂದು ಕಾಯಿ ತಗೊಂಡು ಮೂಸಿ ಸೊಗಡು ನೋಡ್ತಿದ್ದೆ. ಈ ಸಲ ಹಿಸುಕಿದ ಬೇಳೆ ಮಾಡಿ ಪ್ಯಾಕೆಟ್ ಹಾಕಿದ್ರೆ ಕೆಜಿಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕ್ತಾ ನಿಂತಿದ್ದೆ."

"ಕೊನೆಗೆ ಕಾಯಿ ತಂದ್ರಾ?"

"ಎಲ್ಲಿ ಮೇಡಂ, ಸಂಜೆ ಎರಡು ಕೇಕ್ ಕೊಡಬೇಕಿತ್ತು. ಸುಲಿಯೋರು ಯಾರು?"

ನನಗೆ ಅಷ್ಟು ಸಾಕಾಯಿತು. ಇಬ್ಬನಿ ಬಿದ್ದ ಕಾಯಿಗೆ ಸೊಗಡು ಜಾಸ್ತಿ ಅಂತ ಚಳಿಗಾಲ ಪೂರ್ತಿ ಕೈ ವಾಸನೆ ಮಾಡಿಕೊಂಡು ಕೂರುವ ಊರು ನಮ್ಮದು. ಇಲ್ಲೇ ಹುಟ್ಟಿ ಬೆಳೆದವರು ಅವರೆಕಾಯಿ ಮೂಸದೆ ಬಂದರು ಅಂದರೆ ಸಮಸ್ಯೆ ಕೇಕಿನದಲ್ಲ.

ಆರ್ಡರ್ ಬಿಡಿ ಅನ್ನಲಿಲ್ಲ. ಆ ದುಡ್ಡಲ್ಲೇ ಮಗನ ಟ್ಯೂಷನ್ ಫೀಸು, ಬಿಡಿ ಅನ್ನುವುದು ಸುಲಭ. ಭಾನುವಾರ ಓವನ್ ಹಚ್ಚಬೇಡಿ ಅಂದೆ. ಕುಂಡದ ಗಿಡ, ಮಾರ್ಕೆಟ್, ಅವರೆಕಾಯಿ, ಈ ಮೂರಕ್ಕೆ ಬೆಲೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಸ್ಟೇಟಸ್‌ಗೂ ಹಾಕುವಂತಿಲ್ಲ. ಸ್ಟೇಟಸ್ ಯಾಕೆ ಬೇಡ ಅಂದರೆ, ನಾದಿನಿಯ ಮಾತು ಶುರುವಾಗಿದ್ದೇ ಕೇಕಿನ ಫೋಟೋ ನೋಡಿ.

ಹೆಣ್ಣುಮಕ್ಕಳು ನಾಲ್ಕು ಕಾಸು ದುಡಿಯುವುದಕ್ಕೆ ನೀವು ಅಡ್ಡ ಹಾಕುತ್ತೀರಿ ಅಂತ ಪರಿಚಯದವರೊಬ್ಬರು ನನ್ನನ್ನು ತರಾಟೆಗೆ ತಗೊಂಡರು. ದುಡಿಯಲಿ, ಯಾರು ಬೇಡ ಅಂದರು? ಖುಷಿ ಕೊಡುವುದನ್ನೆಲ್ಲ ಅಂಗಡಿಗೆ ಇಡಬೇಕು ಅನ್ನುವುದಕ್ಕೆ ನನ್ನ ತಕರಾರು. ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಚಿತ್ರ ಬರೆಯುವುದು ಇಷ್ಟ ಇದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳೇ ಪೆನ್ನು ಮುಟ್ಟಿದ್ದು ಕಡಿಮೆ. ಹೇಳದೆ ಕೇಳದೆ ಪತ್ರ ಸಿಕ್ಕ ಮಕ್ಕಳಿಗೆ ಹಾಗಾಗಲಿಲ್ಲ. ಮಕ್ಕಳ ವಿಷಯ ದೊಡ್ಡವರಿಗೆ ಹಾಗ್‌ಹಾಗೇ ಹೊಂದುತ್ತೆ ಅನ್ನಲಾರೆ. ಆದರೆ ನನ್ನೆದುರು ಕೂತು "ಮೊದಲು ಇಷ್ಟ ಇತ್ತು ಮೇಡಂ" ಅನ್ನುವವರನ್ನು ನೋಡಿದಾಗೆಲ್ಲ ಅದು ನೆನಪಾಗುತ್ತೆ.

ಭಾನುವಾರದ ಹುಟ್ಟುಹಬ್ಬದ ಕೇಕನ್ನು ಶನಿವಾರ ಸಂಜೆಯೇ ಒಯ್ಯಿರಿ ಅಂದಾಗ ಹೆಚ್ಚಿನವರು ಒಪ್ಪಿದರಂತೆ, ಕೆಲವರು ಬೇರೆ ಕಡೆ ಹೋದರು. ಆದಾಯ ಸ್ವಲ್ಪ ಇಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ ಮನೆಗೆ ಬಂತು, ಟಿವಿ ಮುಂದೆ ಮೂವರೂ ಕೂತು ಸುಲಿದರು.

ಈಗ ನಾದಿನಿಯದು ಹೊಸ ಬೇಡಿಕೆ: ಹಿಸುಕಿದ ಬೇಳೆ ನಮ್ಮನೆಗೂ ಒಂದು ಕೆಜಿ ಬೇಕು, ದುಡ್ಡು ಕೊಡ್ತೀನಿ.

"ಏನು ಹೇಳ್ಲಿ ಮೇಡಂ?"

"ಬಂದು ಜೊತೇಲಿ ಕೂತು ಹಿಸುಕೋಕೆ ಹೇಳಿ" ಅಂದೆ. ನಾದಿನಿ ಇನ್ನೂ ಬಂದಿಲ್ಲವಂತೆ.