ಗೂಡುದೀಪದ ಜೋಡಣೆಯಲ್ಲಿ ಅರ್ಧ ಕಣ್ಣು ಜಾರುವುದೇಕೆ?

ಪ್ರಶ್ನೆ: ಬದಿಯಡ್ಕದಲ್ಲಿ ಸಣ್ಣ ತ್ರೀಡಿ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದೇನೆ. ದೀಪಾವಳಿಗೆ ಗೂಡುದೀಪ ಮಾಡಲು ಹೊರಟಿದ್ದೇನೆ. ಬುಡದಲ್ಲಿ 200 ಮಿ.ಮೀ. ವ್ಯಾಸ, ಮೇಲೆ ಹೋದಂತೆ 120ಕ್ಕೆ ಸಪೂರವಾಗುತ್ತದೆ. ಮೈತುಂಬ ಜೇನಿನ ಎರಿಯಂಥ ಷಟ್ಕೋನದ ಕಣ್ಣುಗಳು ಬೇಕು. ಗ್ರಾಸ್‌ಹಾಪರ್‌ನಲ್ಲಿ (ಕಂಪ್ಯೂಟರಿನಲ್ಲಿ ಆಕೃತಿ ರಚಿಸುವ ತಂತ್ರಾಂಶ) ಚಪ್ಪಟೆ ಜಾಲರಿ ಮಾಡಿ ಮೇಲ್ಮೈಗೆ ಸುತ್ತಿದೆ. ಷಟ್ಕೋನದ ಎರಡು ಬದಿ ಅಡ್ಡಕ್ಕೆ ಮಲಗಿವೆ. ಬದಿ 20 ಮಿ.ಮೀ. ಇಟ್ಟಾಗ ಕೊನೆಯ ಕಂಬಸಾಲು ಮೊದಲನೆಯದರ ಮೇಲೆ ಚೂರು ಹತ್ತಿ ಕೂತಿತು. 19.95ಕ್ಕೆ ಇಳಿಸಿ ಸುತ್ತಲೂ 21 ಸಾಲು ಸರಿಯಾಗಿ ಕೂರಿಸಿದೆ. ಆದರೂ ಜೋಡಣೆಯಲ್ಲಿ ಕಣ್ಣುಗಳು ಕೂಡುವುದಿಲ್ಲ. ಮೇಲಿನ ಕಣ್ಣುಗಳಂತೂ ಎಳೆದ ಹಾಗೆ ಉದ್ದವಾಗಿವೆ.

ಉತ್ತರ: ನಿಮ್ಮ ಅಳತೆ ಸರಿಯಿದೆ, ಎಣಿಕೆ ತಪ್ಪಿದೆ. ಈ ಜಾಲರಿಯಲ್ಲಿ 1ನೇ ಸಾಲು ಕೆಳಗಿದ್ದರೆ 2ನೆಯದು ಅರ್ಧ ಕಣ್ಣು ಮೇಲೆ, 3ನೆಯದು ಮತ್ತೆ ಕೆಳಗೆ. ಹೀಗೆ ಹೋದರೆ 21ನೆಯದು ಕೆಳಗೇ ಬರುತ್ತದೆ. ಅದರ ಪಕ್ಕದಲ್ಲಿರುವುದು 1ನೇ ಸಾಲು, ಅದೂ ಕೆಳಗೆ. ಎರಡು ಕೆಳಸಾಲುಗಳು ಅಕ್ಕಪಕ್ಕ ಬಂದರೆ ಒಂದರ ಮೂಲೆ ಇನ್ನೊಂದರ ಸಂದಿಗೆ ಇಳಿಯಲು ಜಾಗವೇ ಇಲ್ಲ. ಹಾಗಾಗಿ ಸಾಲುಗಳ ಸಂಖ್ಯೆ ಸಮ ಆಗಿರಲೇಬೇಕು. 22 ಇಡಿ. (ಮೂಲೆ ಮೇಲ್ಮುಖವಾಗಿರುವ ಷಟ್ಕೋನವಾದರೆ ಸುತ್ತಲಿನ ಕಣ್ಣುಗಳ ಸಂಖ್ಯೆ ಸಮವೋ ಬೆಸವೋ ಎಂಬ ಚಿಂತೆಯಿಲ್ಲ, ಪೂರ್ಣಸಂಖ್ಯೆಯಾದರೆ ಸಾಕು.)

ಇನ್ನು ಮುಂದೆ ಬದಿಯ ಉದ್ದವನ್ನು ನೀವು ಕೊಡಬೇಡಿ, ಎಣಿಕೆ ಕೊಡಿ. ಉದ್ದವನ್ನು ಸ್ಕ್ರಿಪ್ಟೇ (ಆಕೃತಿ ರಚಿಸಲು ಬರೆಯುವ ಸಣ್ಣ ಪ್ರೋಗ್ರಾಮು) ಲೆಕ್ಕ ಹಾಕಲಿ. ನನಗೆ ಬಹಳ ಇಷ್ಟವಾದ ದಾರಿ ಇದು: 22 ಸಾಲಿಗೆ ಸುತ್ತಳತೆಯನ್ನು 66 ಸಮಭಾಗ ಮಾಡಿ, 0ಯಿಂದ 65ರ ತನಕ ಅಂಕೆ ಕೊಡಿ. ದೀಪದ ಮೈಗೆ ಕೆಳಗಿನಿಂದ ಮೇಲಿನವರೆಗೆ ಬಳೆಗಳನ್ನು ತೊಡಿಸಿದಂತೆ ಕಲ್ಪಿಸಿಕೊಳ್ಳಿ, ಅವಕ್ಕೂ ಅಂಕೆ ಕೊಡಿ. ಒಂದು ಕಣ್ಣಿನ ನಡು 30ನೇ ಭಾಗದಲ್ಲಿ, 8ನೇ ಬಳೆಯ ಮೇಲಿದೆ ಎನ್ನಿ. ಅದರ ಎಡ, ಬಲ ಮೂಲೆಗಳು ಅದೇ ಬಳೆಯಲ್ಲಿ 28 ಮತ್ತು 32. ಮೇಲಿನ ಎರಡು ಮೂಲೆಗಳು 9ನೇ ಬಳೆಯಲ್ಲಿ 29 ಮತ್ತು 31, ಕೆಳಗಿನವು 7ನೇ ಬಳೆಯಲ್ಲಿ ಅವೇ ಅಂಕೆಗಳು. ಪಕ್ಕದ ಕಣ್ಣಿನ ನಡು 33ರಲ್ಲಿ, 9ನೇ ಬಳೆಯಲ್ಲಿ. ಅದರ ಎಡಮೂಲೆ 31, ಅಂದರೆ ಮೊದಲ ಕಣ್ಣಿನ ಮೂಲೆಯೇ. ಅಂಕೆ 66 ಮುಟ್ಟಿದರೆ ಅಥವಾ ದಾಟಿದರೆ 66 ಕಳೆಯಿರಿ, ಸೊನ್ನೆಗಿಂತ ಕೆಳಗಿಳಿದರೆ ಕೂಡಿಸಿ. ಆಗ ಜೋಡಣೆ ಎಂಬ ಜಾಗವೇ ಉಳಿಯುವುದಿಲ್ಲ, ದಶಾಂಶದ ಚೂರುಪಾರು ವ್ಯತ್ಯಾಸದಿಂದ ಬಿರುಕು ಬೀಳುವ ಭಯವೂ ಇಲ್ಲ. ಎರಡು ಕಣ್ಣುಗಳ ನಡುವಿನ ಗೆರೆಯನ್ನು ಎರಡೆರಡು ಸಲ ಎಳೆಯದಂತೆ ಅದರ ತುದಿಯ ಅಂಕೆಗಳನ್ನು ಬರೆದಿಟ್ಟು ನೋಡಿಕೊಳ್ಳಿ. ಮುಂದೆ ಲೇಸರ್‌ನಲ್ಲಿ ಕತ್ತರಿಸುವುದಾದರೆ ಒಂದೇ ಗೆರೆ ಎರಡು ಸಲ ಸುಟ್ಟು ಹಾಳಾಗುತ್ತದೆ.

ಮೇಲಿನ ಕಣ್ಣುಗಳು ಉದ್ದವಾಗಲು ಬಳೆಗಳ ಅಂತರವೇ ಕಾರಣ. ಗ್ರಾಸ್‌ಹಾಪರ್ ಎತ್ತರವನ್ನು ಸಮವಾಗಿ ಹಂಚಿದೆ, ಸುತ್ತಳತೆ ಮಾತ್ರ ಕುಗ್ಗಿದೆ. ಕಣ್ಣು ಕಿರಿದಾದಷ್ಟು ಗಿಡ್ಡವೂ ಆಗಬೇಕು. ಒಂದು ಬದಿ 66ರಲ್ಲಿ ಎರಡು ಭಾಗದಷ್ಟು, ಹಾಗಾಗಿ ಆ ಜಾಗದ ಸುತ್ತಳತೆಯನ್ನು 33ರಿಂದ ಭಾಗಿಸಿದರೆ ಬದಿಯ ಉದ್ದ ಸಿಗುತ್ತದೆ: ಬುಡದಲ್ಲಿ 19.04 ಮಿ.ಮೀ., ತುದಿಯಲ್ಲಿ 11.42. ಅದರ 0.866ರಷ್ಟು ಮೇಲೆ ಮುಂದಿನ ಬಳೆ. ಬುಡದಲ್ಲಿ ಈ ಅಂತರ ಸುಮಾರು 16.5, ತುದಿಯಲ್ಲಿ 9.9. ಅಂತರವನ್ನು ಗೋಡೆಯ ಬಾಗಿನ ಗುಂಟ ಅಳೆಯಿರಿ, ನೆಟ್ಟಗಿನ ಎತ್ತರವನ್ನಲ್ಲ. ಕೊನೆಯ ಬಳೆ ಅಂಚಿಗೆ ಸರಿಯಾಗಿ ಬಾರದಿದ್ದರೆ ಎಲ್ಲ ಅಂತರಗಳನ್ನೂ ಒಂದೇ ಪ್ರಮಾಣದಲ್ಲಿ ಚೂರು ಹಿಗ್ಗಿಸಿ ಅಥವಾ ಕುಗ್ಗಿಸಿ. ಕಣ್ಣಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಪೂರ್ತಿ ಉರುಟು ಚೆಂಡಿನ ಮೇಲೆ ಬರೀ ಷಟ್ಕೋನಗಳನ್ನೇ ಕೂರಿಸುವ ಸ್ಕ್ರಿಪ್ಟ್ ಇದೆಯೇ? (ಮಂಜೇಶ್ವರದಿಂದ)

ಉತ್ತರ: ಇಲ್ಲ, ಬರೆಯಲೂ ಆಗದು. ಮೂಲೆ, ಗೆರೆ, ಮುಖಗಳ ಎಣಿಕೆಗಳನ್ನು ಜೋಡಿಸುವ ಆಯ್ಲರ್ ಸೂತ್ರದ ಪ್ರಕಾರ, ಪ್ರತಿ ಮೂಲೆಯಲ್ಲಿ ಮೂರು ಗೆರೆ ಸೇರುವ ಹಾಗೆ ಷಟ್ಕೋನ, ಪಂಚಕೋನಗಳಿಂದ ಚೆಂಡನ್ನು ಮುಚ್ಚಿದರೆ ಪಂಚಕೋನಗಳು ಸರಿಯಾಗಿ 12 ಇರುತ್ತವೆ. ಕಪ್ಪು ಬಿಳುಪು ಫುಟ್‌ಬಾಲಿನಲ್ಲಿ ಕಪ್ಪು ತುಂಡುಗಳನ್ನು ಎಣಿಸಿ, 12 ಸಿಗುತ್ತವೆ, ಬಿಳಿಯವು 20. ಇದನ್ನು ಬಿದಿರು ಹೆಣೆಯುವವರ ಕೈ ಬಲ್ಲದು. ಆರು ಮೂಲೆಯ ಕಣ್ಣುಕಣ್ಣಾಗಿ ಹೆಣೆದ ಬುಟ್ಟಿಯನ್ನು ಬೋರಲು ಹಾಕಿ ನೋಡಿ. ಚಪ್ಪಟೆ ತಳ ಬಾಗಿ ಗೋಡೆಯಾಗುವ ಮೂಲೆಗಳಲ್ಲಿ ಐದು ಬದಿಯ ಕಣ್ಣುಗಳಿರುತ್ತವೆ. ತಳ ಮುಚ್ಚಿ ಗೋಡೆ ನೆಟ್ಟಗೆ ಏಳಬೇಕಾದರೆ ಅಂಥವು ಆರು ಬೇಕು, ಚೆಂಡಿನ ಅರ್ಧದಷ್ಟು.

ನಿಮ್ಮ ಸ್ಕ್ರಿಪ್ಟಿಗೆ 20 ತ್ರಿಕೋನ ಮುಖಗಳ ಘನಾಕೃತಿಯಿಂದ (ಐಕೊಸಹೆಡ್ರನ್) ಶುರುಮಾಡಿ. ಪ್ರತಿ ಮುಖವನ್ನು 4 ಸಣ್ಣ ತ್ರಿಕೋನಗಳಾಗಿ ಒಡೆದು, ಬಿಂದುಗಳನ್ನು ಚೆಂಡಿನ ಮೇಲ್ಮೈಗೆ ತಳ್ಳಿ, ಪಕ್ಕಪಕ್ಕದ ತ್ರಿಕೋನಗಳ ನಡುಬಿಂದುಗಳನ್ನು ಸೇರಿಸಿ. 30 ಷಟ್ಕೋನ, 12 ಪಂಚಕೋನ ಬರುತ್ತವೆ. ಇನ್ನೂ ಸಣ್ಣ ಕಣ್ಣು ಬೇಕಿದ್ದರೆ ಮತ್ತೊಮ್ಮೆ ಒಡೆಯಿರಿ, ಪಂಚಕೋನ ಆಗಲೂ ಹನ್ನೆರಡೇ. ಪಂಚಕೋನಗಳಲ್ಲೊಂದನ್ನು ಬಲ್ಬಿನ ವಯರು ಇಳಿಯುವ ತೂತಿಗೆ ಇಟ್ಟುಕೊಳ್ಳಿ.